ಎಂಟು ಜನಕ್ಕೊಂದು ನೋಟು

ಬೆಳಕು ಹರಿಯುವ ಮೊದಲೇ ಹಲಸೂರು ಕೆರೆಯ ಏರಿಯ ಮೇಲೆ ಹುಡುಗ ಹುಡುಗಿಯರ ದೊಡ್ಡ ಗುಂಪು ಸೇರಿರುತ್ತಿತ್ತು. ಯುದ್ಧದ ಐದನೆಯ ಚಳಿಗಾಲ ಅದು. ದಂಡು ಪ್ರದೇಶದ ತುಂಬ ಸೋಲ್ಜರುಗಳು, ಸೋಲ್ಜರುಗಳು ಇದ್ದ ಕಡೆಯೆಲ್ಲ ಚಿಲ್ಲರೆ ಕೂಲಿ. ಬೂಟು ಉಜ್ಜುವುದಕ್ಕೋ, ಆಟದ ಮೈದಾನದಲ್ಲಿ ಚೆಂಡು ಎತ್ತಿ ಕೊಡುವುದಕ್ಕೋ ಯಾರಾದರೂ ಬಂದು ಕೈಬೀಸಿ ಕರೆದರೆ ಸಾಕು, ಅರ್ಧ ಏರಿ ಖಾಲಿಯಾಗುತ್ತಿತ್ತು. ಆ ಶುಕ್ರವಾರ ತಿಪ್ಪಸಂದ್ರದ ಗೋವಿಂದಮ್ಮ ಸೆರಗನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಗುಂಪಿನ ಎದುರು ನಿಂತು, ತನಗೆ ಇಷ್ಟು ದೊಡ್ಡ ಗಂಟಲಿದೆಯೆಂದು ತನಗೇ ಗೊತ್ತಿರದಂತೆ ಕೂಗಿದಳು.

“ಬಟಾಣಿ ಬಿಡಿಸೋಕೆ ಎಂಟಾಳು ಬೇಕು! ಎಂಟು ದಿವ್ಸದ ಕೆಲ್ಸ! ಬೆಳಿಗ್ಗೆ ಅಂಬ್ಲಿ, ಮಧ್ಯಾಹ್ನ ಎರಡಾಣೆ!”

ಹದಿನೈದು ದಾಟಿದ, ಮೈಯೆಲ್ಲ ಕಾಲೇ ಅನ್ನುವಂತೆ ಬೆಳೆದಿದ್ದ ಮುನಿಆಂಜನಪ್ಪ ಅನ್ನುವ ಹುಡುಗ ಆಕಳಿಸಿದ. “ಎರಡಾಣೆಗಾ? ಕ್ಯಾಂಪಲ್ಲಿ ಚೆಂಡು ಎತ್ಕೊಟ್ರೆ ಬಿಸ್ಕತ್ತು ಕೊಡ್ತಾರೆ ಕಣಕ್ಕ.”

“ಬಿಸ್ಕತ್ತು ಸರಿ, ಕಾಸು ಕೊಡ್ತಾರಾ?”

“ಒಂದೊಂದ್ಸಲ ಕೊಡ್ತಾರೆ.”

“ಒಂದೊಂದ್ಸಲ ಒದೀತಾರೆ,” ಅಂದಳು ಅವನ ಪಕ್ಕದಲ್ಲಿ ನಿಂತಿದ್ದ ಜಹನಾರಾ. ಹದಿನಾರರ ಹುಡುಗಿ, ಮಾತು ಚೂರಿಯಂಥದ್ದು. “ಮೊನ್ನೆ ಕುಂಟ್ಕೊಂಡು ಬಂದಿದ್ದು ಯಾರೋ? ನಿಮ್ಮಪ್ಪಾನಾ?”

ಗುಂಪು ನಕ್ಕಿತು. ನಗುವಿನಲ್ಲೇ ಗೋವಿಂದಮ್ಮ ಎಂಟು ಜನರನ್ನು ಆರಿಸಿಕೊಂಡಳು. ಮುನಿಆಂಜನಪ್ಪ, ಜಹನಾರಾ, ಜಟಕಾ ಓಡಿಸುವವನ ಮಗ, ಒಂದೇ ಬೀದಿಯ ಮೂವರು ಹುಡುಗಿಯರು, ಕೆಮ್ಮುವ ಹುಡುಗನೊಬ್ಬ. ಎಲ್ಲರಿಗಿಂತ ಕೊನೆಗೆ, ಯಾರೂ ಕರೆಯದಿದ್ದರೂ ತಾನೇ ಹೊರಟು ಬಂದ ಚಿಕ್ಕಮುನಿಯಮ್ಮ. ಹದಿಮೂರು ಅಂತ ಹೇಳಿಕೊಂಡಳು. ನೋಡಿದರೆ ಹನ್ನೊಂದು ಅನ್ನಿಸುವಷ್ಟು ಸಣ್ಣ ಮೈ.

ಗೋವಿಂದಮ್ಮನಿಗೆ ಈ ಎಂಟು ದಿನ ಯಾಕೆ ಅಷ್ಟು ಮುಖ್ಯವಾಗಿತ್ತೆಂದರೆ, ಅವಳ ಅರ್ಧ ಎಕರೆ ತೋಟ ಉಳಿಯುತ್ತದೋ ಗುಂಡಿಯಾಗುತ್ತದೋ ಅನ್ನುವುದು ಅದರ ಮೇಲೆ ನಿಂತಿತ್ತು. ಗಂಡ ಅಂಜನಮೂರ್ತಿಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ತಿಂಗಳ ಸಂಬಳ, ಸೈಕಲ್ಲು, ಖಾಕಿ ಚಡ್ಡಿ. ಮಣ್ಣು ಅಂದರೆ ಈಗ ಅವನಿಗೆ ಕಾಲಿಗಂಟುವ ಕೊಳೆ ಅಷ್ಟೆ. ಇಟ್ಟಿಗೆ ಗೂಡಿನವನೊಬ್ಬ ಬಂದು, ತೋಟದ ಮಣ್ಣು ಅಗೆದುಕೊಳ್ಳುವುದಕ್ಕೆ ಎಂಬತ್ತು ರೂಪಾಯಿ ಕೊಡುತ್ತೇನೆ ಅಂದಿದ್ದ. ಗೋವಿಂದಮ್ಮ ಎರಡು ದಿನ ಊಟ ಬಿಟ್ಟು ಕೂತಮೇಲೆ ಅಂಜನಮೂರ್ತಿ ಇಳಿದು ಬಂದಿದ್ದ.

“ಸರಿ ಕಣೆ. ಬಟಾಣಿ ಎಂಬತ್ತು ದಾಟ್ಲಿ, ಅವನಿಗೆ ಬೇಡ ಅಂತ ನೀನೇ ಹೇಳ್ಬಿಡು. ದಾಟ್ಲಿಲ್ಲ ಅಂದ್ರೆ ಅಳಬಾರ್ದು.”

ದಂಡಿನ ಮಾರ್ಕೆಟ್ಟಿನಿಂದ ಮಿಲಿಟರಿ ಅಡಿಗೆಮನೆಗೆ ತರಕಾರಿ ಹಾಕುತ್ತಿದ್ದ ಖಾದರ್ ಸಾಹೇಬರು ಬಟಾಣಿ ನೋಡಿ ಒಪ್ಪಿಕೊಂಡಿದ್ದರು. ದಿನಕ್ಕೆ ಆರು ಮಂಕರಿ, ಎಂಟು ದಿನ, ಒಟ್ಟು ತೊಂಬತ್ತಾರು ರೂಪಾಯಿ. ಕೂಲಿಗೆ ಅಂತ ದಿನಕ್ಕೊಂದು ರೂಪಾಯಿ ಮುಂಗಡ, ಉಳಿದದ್ದೆಲ್ಲ ಕೊನೆಯ ದಿನ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಿದ್ದರು: “ದೇಖೋ ಅಮ್ಮಾ, ಒಂದು ದಿನ ಆರು ಮಂಕರಿ ಐದಾದ್ರೂ ನಾನು ಕಮ್ಮನಹಳ್ಳಿ ತೋಟಕ್ಕೆ ಹೋಗ್ಬಿಡ್ತೀನಿ. ಮಿಲಿಟರಿಯವ್ರ ಹೊಟ್ಟೆ, ನಾಳೆ ಬಾ ಅನ್ನೋಕಾಗಲ್ಲ.”

ಆರು ಮಂಕರಿಗೆ ಎಂಟು ಜೊತೆ ಕೈ ಬೇಕೇ ಬೇಕು. ಏಳಾದರೆ ಸೂರ್ಯ ನೆತ್ತಿಗೆ ಬಂದು ಕಾಯಿ ಬಾಡುತ್ತದೆ.

ಮೊದಲ ದಿನ ಅವರಿಗೆ ಕೆಲಸ ಕಲಿಸುವುದರಲ್ಲೇ ಗೋವಿಂದಮ್ಮನ ಗಂಟಲು ಕಟ್ಟಿತು. “ಎಳೀಬೇಡ್ರೋ! ಒಂದು ಕೈಲಿ ಬಳ್ಳಿ ಹಿಡ್ಕೊಳ್ಳಿ, ಇನ್ನೊಂದು ಕೈಲಿ ಉಗುರು ಹಾಕಿ ಚಿವುಟಿ. ಮುನಿಆಂಜನಪ್ಪ, ಅದೇನು ಹಸು ಹಾಲು ಕರೆದಂಗೆ?”

“ನಮ್ಮನೇಲಿ ಹಸು ಇಲ್ಲ ಅಕ್ಕಾ, ಇದ್ರಲ್ಲಾದ್ರೂ ಕಲೀಲಿ ಬಿಡಿ,” ಅಂತ ಜಹನಾರಾ ಸಾಲಿನ ಆ ಕಡೆಯಿಂದ ಅಂದಳು.

ಆದರೂ ಹನ್ನೊಂದು ಗಂಟೆಗೆ ಆರನೆಯ ಮಂಕರಿ ತುಂಬಿತು. ಖಾದರ್ ಸಾಹೇಬರ ಗಾಡಿ ಬಂದಿತು, ಮಂಕರಿ ಹೇರಿಕೊಂಡಿತು, ಗೋವಿಂದಮ್ಮನ ಕೈಗೆ ಗರಿಗರಿಯಾದ ಒಂದು ರೂಪಾಯಿ ನೋಟು ಬಂದಿತು. ಎಂಟು ಜನ ಕೈಕಾಲು ತೊಳೆದುಕೊಂಡು ಸಾಲಾಗಿ ನಿಂತರು. ಗೋವಿಂದಮ್ಮ ನೋಟನ್ನು ನೋಡಿದಳು. ಎಂಟು ಮುಖಗಳನ್ನು ನೋಡಿದಳು.

ಚಿಲ್ಲರೆ ಅನ್ನುವುದು ಆ ವರ್ಷ ಊರಿನಿಂದಲೇ ಓಡಿಹೋಗಿತ್ತು. ಆಣೆ, ಅರ್ಧಾಣೆ ಯಾರ ಕೈಗೆ ಸಿಕ್ಕರೂ ಮಡಕೆಯಲ್ಲಿ ಬಚ್ಚಿಡುತ್ತಿದ್ದರು. ಅಂಗಡಿಯವರು ಬಾಕಿ ಚಿಲ್ಲರೆಗೆ ಬೆಂಕಿಪೊಟ್ಟಣ ಕೊಡುತ್ತಿದ್ದರು, ಬೆಂಕಿಪೊಟ್ಟಣ ಮುಗಿದರೆ ಅಡಿಕೆ, ಅಡಿಕೆಯೂ ಮುಗಿದರೆ ಬೈಗುಳ. ಗೋವಿಂದಮ್ಮ ನೋಟನ್ನು ಹಿಡಿದುಕೊಂಡು ತಿಪ್ಪಸಂದ್ರದ ಮೂರು ಅಂಗಡಿ ಸುತ್ತಿದಳು. ಎಂಟು ಜನ ಹಿಂದೆ ಹಿಂದೆಯೇ ಮೆರವಣಿಗೆ ಬಂದರು. ಎಲ್ಲ ಕಡೆಯೂ ಒಂದೇ ಉತ್ತರ: ಪೂರ್ತಿ ಒಂದು ರೂಪಾಯಿಗೆ ಸಾಮಾನು ತಗೊಂಡರೆ ನೋಟು ಇಟ್ಟುಕೊಳ್ಳುತ್ತೇವೆ, ಚಿಲ್ಲರೆ ಕೇಳಬೇಡಿ.

“ನೋಟನ್ನ ಎಂಟು ಚೂರು ಮಾಡಿ ಕೊಡಿ ಅಕ್ಕಾ. ನಂಗೆ ರಾಜನ ಮೂಗು ಬರ್ಲಿ,” ಅಂದ ಮುನಿಆಂಜನಪ್ಪ.

“ಎಂಟೂ ದಿವ್ಸದ್ದು ಸೇರಿಸಿ ಕೊನೇಲಿ ಕೊಡ್ತೀನಿ ಕಣ್ರೋ. ತಲೆಗೊಂದು ನೋಟು, ಪೂರ್ತಿ.”

ಎಂಟೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರ ಅರ್ಥ ಗೋವಿಂದಮ್ಮನಿಗೆ ಚೆನ್ನಾಗಿ ಗೊತ್ತಾಯಿತು. ಕೆಲಸ ಮಾಡಿಸಿಕೊಂಡು ಕೊನೆಗೆ ಕೊಡುತ್ತೇನೆ ಅಂದವರನ್ನು ಅವರು ಎಷ್ಟು ಜನರನ್ನು ನೋಡಿಲ್ಲ! ನಾಳೆ ಇವರಲ್ಲಿ ಒಬ್ಬರೂ ಬರುವುದಿಲ್ಲ. ತೋಟದ ಕಥೆ ಒಂದೇ ದಿನಕ್ಕೆ ಮುಗಿಯಿತು.

ಆಗ ಜಹನಾರಾ ನೋಟನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

“ಚೀಟಿ ಹಾಕೋಣ. ನಮ್ಮ ದಾದಿ, ಅಪ್ಪನ ಅಮ್ಮ, ಮೂವತ್ತು ವರ್ಷದಿಂದ ಗಲ್ಲಿಲಿ ಚೀಟಿ ನಡಿಸ್ತಾವ್ರೆ, ಒಂದ್ಸಲಾನೂ ಮುರಿದಿಲ್ಲ. ಎಂಟು ಜನ, ಎಂಟು ದಿನ, ದಿನಕ್ಕೊಂದು ನೋಟು. ಇವತ್ತು ಪೂರ್ತಿ ಒಬ್ರಿಗೆ, ನಾಳೆ ಇನ್ನೊಬ್ರಿಗೆ. ಲೆಕ್ಕ ಸರಿಯಾಯ್ತಲ್ಲ?”

“ಇವತ್ತು ಯಾರಿಗೆ?” ಏಳು ಬಾಯಿ ಒಟ್ಟಿಗೆ ಕೇಳಿದವು.

ಜಹನಾರಾ ಮಡಿಲಲ್ಲಿ ಉಳಿದಿದ್ದ ಒಂದು ಹಿಡಿ ಕಾಯಿಯನ್ನು ಕಟ್ಟೆಯ ಮೇಲೆ ಸುರಿದಳು. “ಕಣ್ಣು ಮುಚ್ಕೊಂಡು ಒಂದೊಂದು ಕಾಯಿ ತಗೊಳ್ಳಿ. ಸುಲೀರಿ. ಯಾರ ಕಾಯಲ್ಲಿ ಹೆಚ್ಚು ಕಾಳೋ ನೋಟು ಅವ್ರದ್ದು.”

ಕಾಯಿ ಸುಲಿದರು, ಎಣಿಸಿದರು, ಎಣಿಸಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಇನ್ನೊಬ್ಬರ ಕೈಲೂ ಎಣಿಕೆ ಮಾಡಿಸಿದರು. ಜಹನಾರಾಗೆ ಆರು, ಜಟಕಾದವನ ಮಗನಿಗೆ ಏಳು, ಚಿಕ್ಕಮುನಿಯಮ್ಮನಿಗೆ ಎರಡೇ. ಮುನಿಆಂಜನಪ್ಪನ ಕಾಯಲ್ಲಿ ಒಂಬತ್ತು ಕಾಳು ಹಲ್ಲಿನ ಸಾಲಿನ ಹಾಗೆ ಕೂತಿದ್ದವು. ಅವನು ನೋಟನ್ನು ಮಡಿಚಿ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಶಿಳ್ಳೆ ಹಾಕುತ್ತ ಹಲಸೂರಿನ ದಾರಿ ಹಿಡಿದ.

ಸಾಯಂಕಾಲ ಕಾಫಿ ಕುಡಿಯುತ್ತ ಇದನ್ನೆಲ್ಲ ಕೇಳಿದ ಅಂಜನಮೂರ್ತಿಗೆ ನಗು ತಡೆಯಲಿಲ್ಲ. “ಅಯ್ಯೋ ಹುಚ್ಚಿ. ದುಡ್ಡು ಸಿಕ್ಕಿದೋನು ನಾಳೆ ಯಾಕೆ ಬರ್ತಾನೆ? ದಿನಕ್ಕೊಬ್ರು ಕಡಿಮೆ ಆಗ್ತಾ ಹೋಗ್ತಾರೆ. ಕೊನೇ ದಿನ ಒಂದೇ ಒಂದು ಹುಡುಗಿ ಬಂದು ಆರು ಮಂಕರಿ ತುಂಬ್ತಾಳಾ?”

ಗೋವಿಂದಮ್ಮನಿಗೆ ನಗು ಬರಲಿಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಆದರೆ ಮರುದಿನ ಅವಳು ಏರಿಗೆ ಹೋಗಲು ಹೊರಟು ತೋಟದ ತಡಿಕೆ ತೆಗೆದರೆ, ಎದುರಿನಿಂದ ಎಂಟೂ ಜನ ಬರುತ್ತಿದ್ದರು. ಏಳು ಜನ ಸುತ್ತ, ನಡುವೆ ಮುನಿಆಂಜನಪ್ಪ. ಅವನ ಅಂಗಿಯ ತುದಿ ಜಹನಾರಾಳ ಮುಷ್ಟಿಯಲ್ಲಿತ್ತು.

“ಹಾಸಿಗೆಯಿಂದಾನೇ ಎಳ್ಕೊಂಡ್ ಬಂದ್ವಿ ಅಕ್ಕಾ. ಇವನು ಬರ್ಲಿಲ್ಲ ಅಂದ್ರೆ ಮಂಕರಿ ತುಂಬಲ್ಲ. ಮಂಕರಿ ತುಂಬ್ಲಿಲ್ಲ ಅಂದ್ರೆ ನಮಗೆ ನೋಟಿಲ್ಲ.”

“ಮುಖಾನೂ ತೊಳ್ಕೊಳ್ಳೋಕೆ ಬಿಡ್ಲಿಲ್ಲ ಅಕ್ಕಾ ಈ ಪೊಲೀಸ್ನೋರು,” ಅಂತ ಅವನು ಗೊಣಗಿದ. ಆದರೆ ಸಾಲಿಗೆ ಎಲ್ಲರಿಗಿಂತ ಮೊದಲು ಇಳಿದವನೂ ಅವನೇ.

ಆಮೇಲೆ ಅದೇ ಕ್ರಮವಾಯಿತು. ನೋಟು ಸಿಗದವರು ನೋಟು ಸಿಕ್ಕವರ ಬಾಗಿಲು ತಟ್ಟಿ ಎಬ್ಬಿಸಿ ಕರೆತರುತ್ತಿದ್ದರು. ಯಾರನ್ನೂ ಹುಡುಕಿಕೊಂಡು ಗೋವಿಂದಮ್ಮ ಏರಿಗೆ ಹೋಗಬೇಕಾಗಲಿಲ್ಲ. ಭಾನುವಾರ ನೋಟು ಕೆಮ್ಮುವ ಹುಡುಗನಿಗೆ ಹೋಯಿತು; ಅವನ ತಾಯಿ ಒಟ್ಟಿಗೇ ಒಂದು ರೂಪಾಯಿಯ ರಾಗಿ ತಂದು, ಮನೆಯಲ್ಲಿ ಇಡುವುದಕ್ಕೆ ಪಾತ್ರೆ ಸಾಲದೆ ಪಕ್ಕದ ಮನೆಯ ಕೊಡ ತಂದಳಂತೆ. ಎರಡಾಣೆ ಎರಡಾಣೆಯಾಗಿ ಬಂದಿದ್ದರೆ ದಾರಿಯಲ್ಲೇ ಕರಗಿಹೋಗುತ್ತಿತ್ತು ಅಂತ ಅವನೇ ಹೇಳಿದ. ದಿನವೂ ಕಾಯಿ ಆರಿಸುವಾಗ ಚಿಕ್ಕಮುನಿಯಮ್ಮನಿಗೆ ಮಾತ್ರ ಎರಡು ಕಾಳು, ಮೂರು ಕಾಳು, ಒಂದು ಸಲ ಬರೀ ಹುಳ.

“ನಿನ್ನ ಕೈಲಿ ಏನಿದೆಯೇ?” ಅಂತ ಮುನಿಆಂಜನಪ್ಪ ಅವಳ ಅಂಗೈ ಮಗುಚಿ ನೋಡುತ್ತಿದ್ದ. “ತುಂಬಿರೋ ಕಾಯಿ ಗಟ್ಟಿಯಾಗಿರುತ್ತೆ. ಅಮುಕಿ ನೋಡು.”

“ಅಮುಕಿದ್ರೆ ಮೋಸ ಅಲ್ವಾ?”

“ನೀನು ಉದ್ಧಾರ ಆಗಲ್ಲ ಬಿಡು.”

ಐದನೆಯ ದಿನ ನೋಟು ಜಹನಾರಾಗೆ ಬಂದಿತು. ಆರನೆಯ ದಿನ ಜಹನಾರಾ ಬರಲಿಲ್ಲ.

ಏಳು ಜನ ತಲೆ ತಗ್ಗಿಸಿಕೊಂಡು ಬಂದು ನಿಂತರು. ಅವಳ ಮನೆಯ ಬಾಗಿಲಿಗೆ ಬೀಗವಿತ್ತಂತೆ. ಮಿಲಿಟರಿ ಅಂಗಿ ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ, ದಿನಕ್ಕೆ ಆರಾಣೆ, ನಿನ್ನೆ ಸಾಯಂಕಾಲವೇ ಸೇರಿಕೊಂಡಳು ಅಂತ ಎದುರುಮನೆಯವರು ಹೇಳಿದ್ದರು.

“ಚೀಟಿ ಶುರು ಮಾಡಿದೋಳೇ ಕೈ ಕೊಟ್ಟಳು,” ಅಂತ ಜಟಕಾದವನ ಮಗ ಮಣ್ಣಿನ ಹೆಂಟೆಯನ್ನು ಒದ್ದ. ಅವನಿಗಿನ್ನೂ ನೋಟು ಸಿಕ್ಕಿರಲಿಲ್ಲ. ಚಿಕ್ಕಮುನಿಯಮ್ಮನ ಕಣ್ಣಲ್ಲಿ ನೀರು ಬರುವುದಕ್ಕೆ ಸಿದ್ಧವಾಗಿತ್ತು. ಗೋವಿಂದಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಎಂಟನೆಯ ಸಾಲಿಗೆ ಇಳಿದಳು. ಆದರೆ ಮಂಕರಿ ಹೊರುವುದು, ಜೊಳ್ಳು ಆರಿಸುವುದು, ತೂಕ ನೋಡುವುದು, ಇದೆಲ್ಲ ಅವಳದೇ ಕೆಲಸ. ಎಂಟು ಗಂಟೆಯಾದರೂ ಎರಡನೆಯ ಮಂಕರಿ ಅರ್ಧಕ್ಕೇ ನಿಂತಿತ್ತು.

ಆಗ ತಡಿಕೆಯ ಹತ್ತಿರ ಕಪ್ಪು ಕೊಡೆಯೊಂದು ಕಾಣಿಸಿತು. ಕೊಡೆಯ ಕೆಳಗೆ ಬುರ್ಖಾ, ಬುರ್ಖಾದ ಕೆಳಗೆ ಗಂಡಸರ ಚಪ್ಪಲಿ. ಮುಸುಕನ್ನು ತಲೆಯ ಮೇಲಕ್ಕೆ ಎತ್ತಿದಾಗ ಎಪ್ಪತ್ತರ ಆಸುಪಾಸಿನ, ಒಂದೂ ಹಲ್ಲಿಲ್ಲದ, ಆದರೆ ಯಾರಿಗೂ ಹೆದರದ ಮುಖ.

“ನಾನು ಉಮ್ಮೆ ಕುಲ್ಸುಂ. ಜಹನಾರಾಳ ದಾದಿ,” ಅಂತ ಮುದುಕಿ ಏದುಸಿರಿನ ನಡುವೆ ಹೇಳಿದರು. “ಕತ್ತಲಲ್ಲೇ ಹೊರಟೆ, ತೋಟ ಹುಡುಕೋದ್ರಲ್ಲಿ ಹೊತ್ತಾಯ್ತು. ಆ ಪೋಟ್ಟಿ, ನನ್ನ ಮೊಮ್ಮಗಳು, ಅಲ್ಲಿ ಗುಂಡಿ ಹಾಕೋಕೆ ಹೋಯ್ತು. ಹೋಗ್ಲಿ, ಆರಾಣೆ ಯಾರು ಬಿಡ್ತಾರೆ? ಆದ್ರೆ ನೋಟು ತಿಂದಿದ್ದೀವಿ. ಮೂರು ದಿನ ಬಾಕಿ. ನಂಗೆ ಯಾವ ಸಾಲು ತೋರಿಸ್ತೀಯಮ್ಮಾ?”

ಮುನಿಆಂಜನಪ್ಪ ಸೊಂಟದ ಮೇಲೆ ಕೈಯಿಟ್ಟ. “ದಾದೀನಾ ಪೂರಾ ಆಳು ಅಂತ ಲೆಕ್ಕ ಹಿಡಿಯೋದಾ ಅಕ್ಕಾ?”

“ನಕ್ಕೋ ರೇ, ಆ ಮಾತು ಬೇಡ! ನೀನು ನಿಂತ್ಕೊಂಡು ಮಾತಾಡ್ತೀಯ, ನಾನು ಕೂತ್ಕೊಂಡು ಬಿಡಿಸ್ತೀನಿ. ಮಧ್ಯಾಹ್ನ ಮಡಿಲು ನೋಡಿ ಹೇಳು.”

ಬಗ್ಗುವುದಕ್ಕೆ ಆಗದ್ದರಿಂದ ಮುದುಕಿ ಸಾಲಿನ ನಡುವೆ ಕೂತೇಬಿಟ್ಟರು. ಕೂತಲ್ಲಿಂದಲೇ ಜರುಗುತ್ತ, ಎರಡೂ ಕಡೆಯ ಬಳ್ಳಿಗೆ ಕೈ ಹಾಕುತ್ತ ಹೋದರು. ಬಾಯಿಯೂ ಸುಮ್ಮನಿರಲಿಲ್ಲ. ತಮ್ಮ ಗಲ್ಲಿಯಲ್ಲಿ ಯಾರ ಗಂಡ ಯಾರಿಗೆ ಹೆದರುತ್ತಾನೆ, ಯಾರ ಮದುವೆಯಲ್ಲಿ ಬಿರಿಯಾನಿ ಮುಗಿದು ಬೀಗರು ಚಪ್ಪಲಿ ಎಸೆದರು, ಎಲ್ಲವನ್ನೂ ಹೇಳುತ್ತಿದ್ದರು. ಕೇಳುವ ಆಸೆಗೆ ಎಲ್ಲರೂ ಅವರ ವೇಗಕ್ಕೇ ಅಕ್ಕಪಕ್ಕದ ಸಾಲಿನಲ್ಲಿ ಸಾಗಬೇಕಾಯಿತು. ಹನ್ನೊಂದೂವರೆಗೆ ಆರನೆಯ ಮಂಕರಿ ತುಂಬಿತು. ಮುನಿಆಂಜನಪ್ಪ ಮುದುಕಿಯ ಮಡಿಲು ನೋಡಿ, ಅವರ ಕೊಡೆಯನ್ನು ತಡಿಕೆಯವರೆಗೂ ಹೊತ್ತುಕೊಂಡು ಹೋದ.

ಆ ಸಾಯಂಕಾಲ ಅಂಜನಮೂರ್ತಿ ಸೈಕಲ್ಲಿನಿಂದ ಇಳಿಯುವಾಗಲೇ ಹಲ್ಲು ಬಿಡುತ್ತಿದ್ದ. ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದು ಅಲ್ಲಾಡಿಸಿದ. ಝಣ್ ಅಂದಿತು.

“ಹದಿನಾರಾಣೆ ಚಿಲ್ಲರೆ! ಜೊತೆ ಕೆಲ್ಸ ಮಾಡೋನು ಮನೇಲಿ ಬಚ್ಚಿಟ್ಟಿದ್ದ. ನನ್ನ ಹತ್ರ ಇದ್ದ ನೋಟು ಅವನಿಗೆ ಕೊಟ್ಟು ಕಾಡಿ ಬೇಡಿ ಇಸ್ಕೊಂಡ್ ಬಂದೆ. ನಾಳೆ ಎಲ್ಲರಿಗೂ ನ್ಯಾಯವಾಗಿ ಎರಡೆರಡಾಣೆ ಕೈಗಿಡು. ನಾಳೆ ಖಾದರ್ ಕೊಡೋ ನೋಟು ನಂಗೆ ಕೊಡು, ಅಷ್ಟೇ.”

ಗಂಡ ತೋಟದ ಬಗ್ಗೆ ಯೋಚನೆ ಮಾಡಿದ್ದ. ಎರಡು ವರ್ಷದಲ್ಲಿ ಅದೇ ಮೊದಲು. ಆ ಖುಷಿಯಲ್ಲಿ ಗೋವಿಂದಮ್ಮ ಬೇರೆ ಏನನ್ನೂ ಯೋಚಿಸಲಿಲ್ಲ. ಏಳನೆಯ ದಿನ ಆರು ಮಂಕರಿ ಗಾಡಿಗೆ ಹೋದಮೇಲೆ, ಸಾಲಾಗಿ ನಿಂತವರ ಅಂಗೈಗೆ ಒಬ್ಬೊಬ್ಬರಿಗೆ ಎರಡೆರಡು ಆಣೆ ಇಟ್ಟುಕೊಂಡು ಹೋದಳು. ಎಷ್ಟು ದಿನವಾಗಿತ್ತು ಆಣೆ ನೋಡಿ! ಅಂಚು ಸುಕ್ಕಾದ ಪುಟ್ಟ ಬಿಲ್ಲೆಗಳನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು. ಒಬ್ಬಳು ಹಲ್ಲಿನಿಂದ ಕಚ್ಚಿಯೂ ನೋಡಿದಳು.

ಸಾಲಿನ ತುದಿಯಲ್ಲಿದ್ದ ಜಟಕಾದವನ ಮಗ ಮಾತ್ರ ಅಂಗೈ ಮುಚ್ಚಲಿಲ್ಲ.

“ಅಕ್ಕಾ, ಇವತ್ತಿನ ನೋಟು?”

“ನೋಟು ಯಾಕೋ? ಚಿಲ್ಲರೆ ಸಿಕ್ತಲ್ಲ.”

“ಆರು ಜನಕ್ಕೆ ಆಗ್ಲೇ ಪೂರ್ತಿ ರೂಪಾಯಿ ಬಂದಿದೆ. ಈಗ ಮೇಲೆ ಎರಡಾಣೆ. ನಂಗೂ ಚಿಕ್ಕಮುನಿಗೂ ಏಳು ದಿವ್ಸಕ್ಕೆ ಬರೀ ಎರಡೆರಡಾಣೆನಾ?”

ಎಲ್ಲರಿಗೂ ಸಮ ಅಂದುಕೊಂಡು ಕೊಟ್ಟು ಗೋವಿಂದಮ್ಮ ಎಂಥ ಅನ್ಯಾಯ ಮಾಡಿಬಿಟ್ಟಿದ್ದಳು! ಈ ಹದಿನಾರಾಣೆ ಇಂದು ಒಬ್ಬರ ಪಾಲು. ಅದನ್ನು ಎಂಟು ಮುಷ್ಟಿಗೆ ಹಂಚಿದ್ದಳು. ಆ ಮುಷ್ಟಿಗಳು ಈಗ ಒಂದೊಂದಾಗಿ ಬಿಗಿಯುತ್ತಿದ್ದವು. ಖಾದರ್ ಸಾಹೇಬರ ನೋಟು ಗಂಡನಿಗೆ ಸೇರಬೇಕಾದ್ದು. ಅದನ್ನೇ ಕೊಟ್ಟುಬಿಡೋಣವೆಂದರೆ, ನಾಳೆ ಉಳಿದವರೆಲ್ಲ ಇವತ್ತಿನ ಹಾಗೆ ಮತ್ತೆ ಎರಡಾಣೆ ಬೇಕು ಅಂತ ಕೇಳದೆ ಇರುತ್ತಾರೆಯೇ? ಈ ಇಬ್ಬರು ನಾಳೆ ಬರುವುದಿಲ್ಲ. ಇವರು ಬರದಿದ್ದರೆ ಉಳಿದವರ ಬಾಗಿಲು ತಟ್ಟುವವರಿಲ್ಲ.

“ತಪ್ಪು ನಂದು ಕಣ್ರಪ್ಪ,” ಅಂದಳು. “ಕೊಟ್ಟಿದ್ದನ್ನ ಕಿತ್ಕೊಳ್ಳೋಕೆ ನಂಗೆ ಮನಸ್ಸಿಲ್ಲ. ನೀವೇ ಏನಾದ್ರೂ ಹೇಳಿ.”

ಮುನಿಆಂಜನಪ್ಪ ಆಕಾಶ ನೋಡುತ್ತಿದ್ದ. ಟೆಂಟ್ ಸಿನಿಮಾದ ನೆಲದ ಸೀಟಿಗೆ ಎರಡಾಣೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನ ನೋಟನ್ನು ಚಿಕ್ಕಪ್ಪ ಮೊದಲ ದಿನವೇ ಕಸಿದುಕೊಂಡಿದ್ದ ಅನ್ನುವುದೂ ಗೊತ್ತಿತ್ತು.

ಉಮ್ಮೆ ಕುಲ್ಸುಂ ಕಾಲು ನೀಡಿಕೊಂಡು ಕೂತಲ್ಲಿಂದಲೇ ಖಾಲಿ ಮಂಕರಿಯೊಂದನ್ನು ಎಳೆದುಕೊಂಡು, ಅದರಲ್ಲಿ ಜೊಳ್ಳು ಕಾಯಿ ತುಂಬಿದರು.

“ನಮ್ಮ ಗಲ್ಲೀಲಿ ಹಿಂಗೆ ಮಾಡ್ತೀವಿ. ಮುಷ್ಟಿ ಮುಚ್ಕೊಂಡು ಒಳಗೆ ಕೈ ಹಾಕಿ. ಬಿಟ್ಟೋರು ಬಿಟ್ರು, ಇಟ್ಕೊಂಡೋರು ಇಟ್ಕೊಂಡ್ರು. ಯಾರು ಏನ್ ಮಾಡಿದ್ರು ಅಂತ ನಾನು ನೋಡಲ್ಲ, ಅಲ್ಲಾ ನೋಡ್ತಾನೆ, ನಿಮ್ಮ ಮುನೇಶ್ವರ ನೋಡ್ತಾನೆ. ನಂದು ಮೊದ್ಲು.”

ಒಬ್ಬೊಬ್ಬರೇ ಬಂದು ಮೊಣಕೈವರೆಗೆ ಕೈ ಇಳಿಸಿ, ಮೇಲೆತ್ತಿ, ಬೇರೆ ಕಡೆ ನೋಡುತ್ತ ಹೋದರು. ಎಂಟೂ ಜನರದು ಮುಗಿದಮೇಲೆ ಗೋವಿಂದಮ್ಮ ಮಂಕರಿಯನ್ನು ಗೋಣಿಯ ಮೇಲೆ ಮಗುಚಿದಳು. ಎಣಿಸಿದರು. ಮತ್ತೆ ಎಣಿಸಿದರು.

ಹದಿನಾಲ್ಕಾಣೆ.

ಏಳು ಜೊತೆ ಕಣ್ಣು ಒಟ್ಟಿಗೆ ಒಂದೇ ಕಡೆಗೆ ತಿರುಗಿದವು. ಮುನಿಆಂಜನಪ್ಪನ ಮುಖ ಕೆಂಪಾಯಿತು. ಅಂಗಿ ಕಿತ್ತು ಎಸೆದ, ಚಡ್ಡಿಯ ಜೇಬು ಹೊರಗೆಳೆದು ತೋರಿಸಿದ. “ನಾನು ಹಾಕ್ದೆ! ಯಾಕೆ ಎಲ್ರೂ ನನ್ನೇ ನೋಡ್ತೀರಾ? ಮುನೇಶ್ವರನ ಆಣೆಗೂ ಹಾಕ್ದೆ!” ಧ್ವನಿ ಒಡೆಯಿತು. ಅವನು ಅಳುವುದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಆಗ ಚಿಕ್ಕಮುನಿಯಮ್ಮ ನಿಧಾನವಾಗಿ ಕೈ ಚಾಚಿದಳು. ಬೆವೆತ ಅಂಗೈಯಲ್ಲಿ ಎರಡು ಆಣೆ.

“ನಂದು ಇಲ್ಲೇ ಐತೆ.”

“ಯಾಕೇ ಹಾಕ್ಲಿಲ್ಲ?”

“ನೋಟು ನಂಗೂ ಅವನಿಗೂ ತಾನೇ ಬರ್ಬೇಕಾಗಿರೋದು? ನಂಗೆ ಬಂದ್ರೆ ನನ್ನ ಕಾಸು ನಂಗೇ ವಾಪಸ್ ಬರುತ್ತಲ್ಲ, ಅದಕ್ಕೆ ಹಾಕೋದು ಯಾಕೆ, ತೆಗೆಯೋದು ಯಾಕೆ ಅಂತ...”

ಮುದುಕಿಗೆ ಮೊದಲು ನಗು ಬಂದಿತು, ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದು ಮೈಯೆಲ್ಲ ಕುಲುಕುವ ನಗು. “ಮೂವತ್ತು ವರ್ಷ! ಮೂವತ್ತು ವರ್ಷದಲ್ಲಿ ಈ ಲೆಕ್ಕ ಯಾರೂ ಹೇಳಿರ್ಲಿಲ್ಲ!” ಎಲ್ಲರೂ ನಕ್ಕರು. ಮುನಿಆಂಜನಪ್ಪ ಮೂಗು ಒರೆಸಿಕೊಂಡು, ನಗುತ್ತ ಬೈಯುತ್ತ ಅವಳ ಜಡೆ ಎಳೆದ.

“ಇನ್ನೂ ಕಾಯೇ ಆರ್ಸಿಲ್ಲ, ಆಗ್ಲೇ ಗೆದ್ಬಿಟ್ಯಾ?”

ಕಾಯಿ ಆರಿಸಿದರು. ಜಟಕಾದವನ ಮಗನಿಗೆ ಐದು ಕಾಳು. ಚಿಕ್ಕಮುನಿಯಮ್ಮನಿಗೆ ಎರಡು. ಹದಿನಾರಾಣೆಯನ್ನು ಅವನು ಟೋಪಿಗೆ ಸುರಿದುಕೊಂಡು ಓಡಿದ.

ಎಂಟನೆಯ ದಿನ ಬೆಳಿಗ್ಗೆ ತಡಿಕೆಯ ಹತ್ತಿರ ಚಿಕ್ಕಮುನಿಯಮ್ಮ ಒಬ್ಬಳೇ ನಿಂತಿದ್ದಳು.

“ಉಳಿದೋರು?”

“ನಾನು ಯಾರ ಮನೆಗೂ ಹೋಗ್ಲಿಲ್ಲ ಅಕ್ಕಾ. ನಾನು ಕರೆದ್ರೆ ಯಾರು ಬರ್ತಾರೆ? ಎಲ್ರದ್ದೂ ಮುಗೀತಲ್ಲ.”

ಗಂಡ ಮೊದಲ ದಿನವೇ ಹೇಳಿದ ಲೆಕ್ಕ ಗೋವಿಂದಮ್ಮನ ಎದುರು ಜಡೆ ಹಾಕಿಕೊಂಡು ನಿಂತಿತ್ತು. ಒಂದು ಹುಡುಗಿ, ಆರು ಮಂಕರಿ. ಹತ್ತು ಗಂಟೆಗೆ ಇಟ್ಟಿಗೆಯವನು ಉತ್ತರ ಕೇಳುವುದಕ್ಕೆ ಬರುವವನಿದ್ದ. ಅವಳು ಅಂಬಲಿಯ ಪಾತ್ರೆಯನ್ನು ಬಾವಿಕಟ್ಟೆಯ ಮರೆಯಲ್ಲಿ ಮುಚ್ಚಿಟ್ಟು, ಹುಡುಗಿಯ ಕೈ ಹಿಡಿದಳು.

“ನಡಿ. ನೀನು ಕರೆದ್ರೆ ಬರಲ್ಲ, ನಾನು ಕರೆದ್ರೆ ಬರಲ್ಲ. ಇಬ್ರೂ ಸೇರಿ ಕರಿಯೋಣ.”

ಹತ್ತಿರದ ದಾರಿ ಅಂತ ಹೊಲಗಳ ನಡುವಿನ ಬದುವಿನ ಮೇಲೆ ಹಾದು ಹಲಸೂರು ಸೇರಿದರು. ಮುನಿಆಂಜನಪ್ಪನ ಚಿಕ್ಕಪ್ಪ ಬಾಗಿಲಲ್ಲೇ ಬೀಡಿ ಸೇದುತ್ತಿದ್ದ. ಹುಡುಗ ಕತ್ತಲಿರುವಾಗಲೇ ಎದ್ದು ಹೋದ ಅಂದ. ಕ್ಯಾಂಪಿಗೇ ಇರಬೇಕು. ಮೂವರು ಹುಡುಗಿಯರ ಬೀದಿಯಲ್ಲಿ ಮೂರು ಮನೆಯಲ್ಲೂ ಇಲ್ಲ. ಜಟಕಾದವನ ಮಗ ಇಲ್ಲ. ಮುದುಕಿಯ ಮನೆಗೆ ಬೀಗ. ಸೂರ್ಯ ಒಂದು ಆಳೆತ್ತರ ಏರಿದ್ದ. ಚಿಕ್ಕಮುನಿಯಮ್ಮನ ಕಾಲು ನೋಯುತ್ತಿತ್ತು, ಆದರೂ ಅವಳು ಹೇಳಲಿಲ್ಲ. ಇಬ್ಬರೂ ದೊಡ್ಡ ರಸ್ತೆಯಲ್ಲಿ ವಾಪಸ್ಸು ನಡೆದರು.

ತೋಟ ಇನ್ನೂ ಅಷ್ಟು ದೂರದಲ್ಲಿರುವಾಗಲೇ ಯಾರದೋ ಮದುವೆಯ ಬಿರಿಯಾನಿಯ ಕಥೆ ಕೇಳಿಸಿತು.

ಮೂರು ಮಂಕರಿ ತುಂಬಿ ಸಾಲಿನ ತುದಿಯಲ್ಲಿ ನಿಂತಿದ್ದವು. ಮುನಿಆಂಜನಪ್ಪ ಬಳ್ಳಿಗಳ ನಡುವಿನಿಂದ ತಲೆ ಎತ್ತಿದ.

“ಎಲ್ಲಿಗೆ ಹೋಗಿದ್ರಿ ಅಕ್ಕಾ? ಆಳುಗಳು ಬಂದು ಎರಡು ಗಂಟೆ ಆಯ್ತು. ಅಂಬ್ಲಿ ಎಲ್ಲಿ?”

ಗೋವಿಂದಮ್ಮ ಒಬ್ಬೊಬ್ಬರನ್ನೇ ಬೆರಳು ಮಾಡಿ ಎಣಿಸಿದಳು. “ನೀವು... ದಾರೀಲಿ ಸಿಗ್ಲೇ ಇಲ್ಲ.”

“ನೀವು ಬದುವಿನ ಮೇಲೆ ಹೋಗಿರ್ತೀರಾ. ನಾವು ದಾದೀನಾ ಜಟಕಾದಲ್ಲಿ ಕೂರಿಸ್ಕೊಂಡು ದೊಡ್ಡ ರಸ್ತೇಲಿ ಬಂದ್ವಿ. ಇವಳ ಮನೆಗೂ ಹೋಗಿದ್ವಿ. ಇವಳೇ ಇಲ್ಲ.” ಅವನು ಚಿಕ್ಕಮುನಿಯಮ್ಮನ ಕಡೆ ಬೆರಳು ತೋರಿಸಿದ. “ನೋಟು ಯಾರದ್ದೋ ಅವರೇ ನಾಪತ್ತೆ. ಇಳೀ ಸಾಲಿಗೆ, ಮಹಾರಾಣಿ!”

ಚಿಕ್ಕಮುನಿಯಮ್ಮ ಕಾಲುನೋವು ಮರೆತು ಓಡಿದಳು. ಗೋವಿಂದಮ್ಮ ಬಾವಿಕಟ್ಟೆಯ ಮರೆಯಿಂದ ಅಂಬಲಿ ತಂದು, ಮಜ್ಜಿಗೆ ಬೆರೆಸಿ, ಎಲ್ಲರಿಗೂ ತುಂಬಿ ತುಂಬಿ ಸುರಿದಳು.

ಇಟ್ಟಿಗೆಯವನು ಹತ್ತು ಗಂಟೆಗೆ ಸರಿಯಾಗಿ ಬಂದ, ಅಳತೆಯ ಹಗ್ಗವನ್ನೂ ಜೊತೆಗೇ ತಂದಿದ್ದ. ಉತ್ತರ ಕೇಳುವ ಮೊದಲೇ ಬೇಲಿಯ ಗೂಟಕ್ಕೆ ಹಗ್ಗದ ತುದಿ ಕಟ್ಟತೊಡಗಿದ. ಆ ಹೊತ್ತಿಗೆ ಐದನೆಯ ಮಂಕರಿ ತುಂಬುತ್ತಿತ್ತು.

“ಹಗ್ಗ ಸುತ್ಕೊಳ್ಳಿ ಅಣ್ಣಾ,” ಅಂದಳು ಗೋವಿಂದಮ್ಮ.

“ಯಜಮಾನ್ರನ್ನ ಒಂದ್ಮಾತು ಕೇಳ್ಬೇಡ್ವೇನಮ್ಮಾ?”

“ಎಂಬತ್ತು ದಾಟಿದ್ರೆ ಬೇಡ ಅಂತ ನೀನೇ ಹೇಳು ಅಂದೋರು ಅವರೇ. ಹೇಳ್ತಾ ಇದ್ದೀನಿ, ಬೇಡ.”

ಅವನು ಹೋದಮೇಲೆ ಖಾದರ್ ಸಾಹೇಬರೇ ಖುದ್ದಾಗಿ ಗಾಡಿಯ ಜೊತೆ ಬಂದರು, ಆರು ಮಂಕರಿಗೂ ಕೈ ಹಾಕಿ ನೋಡಿದರು, 'ಶಾಭಾಷ್' ಅಂದರು, ಲೆಕ್ಕ ತೀರಿಸಿದರು. ಗೋವಿಂದಮ್ಮ ಆ ನೋಟುಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಆರಿಸಿ ಚಿಕ್ಕಮುನಿಯಮ್ಮನಿಗೆ ಚಾಚಿದಳು. ಆದರೆ ಉಳಿದವರು ಬಿಡಲಿಲ್ಲ. ಕಾಯಿ ಆರಿಸಲೇಬೇಕು, ಚೀಟಿ ಅಂದಮೇಲೆ ಕ್ರಮ ಕ್ರಮವೇ. ಅವಳು ಕಣ್ಣು ಮುಚ್ಚಿ ಒಂದೇ ಒಂದು ಕಾಯಿ ತೆಗೆದು ಸುಲಿದಳು. ಒಳಗೆ ಒಂದೂ ಕಾಳಿರಲಿಲ್ಲ.

“ಗೆದ್ದಳು!” ಅಂತ ಎಲ್ಲರೂ ಕಿರುಚಿದ ಸದ್ದಿಗೆ ಗಾಡಿಯ ಎತ್ತು ಬೆದರಿತು.

ಯಾರೂ ಮನೆಗೆ ಹೊರಡಲಿಲ್ಲ. ಉಮ್ಮೆ ಕುಲ್ಸುಂ ಬಾವಿಕಟ್ಟೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು. ಉಳಿದ ಏಳು ಜನ ಅವರ ಹಿಂದೆ ನಿಂತರು. ಮೊದಲೇ ಮಾತಾಡಿಕೊಂಡಿದ್ದಾರೆ ಅನ್ನುವುದು ಅವರ ಮುಖದಲ್ಲೇ ಕಾಣಿಸುತ್ತಿತ್ತು.

“ಆ ಕಡೆ ಹುರುಳಿಕಾಯಿ ಐತಲ್ಲಮ್ಮಾ, ಇನ್ನೆರಡು ವಾರಕ್ಕೆ ಬರುತ್ತೆ. ಯಾರು ಬಿಡಿಸ್ತಾರೆ?”

“ನೀವೇ ಬಂದ್ರೆ...”

“ಬರ್ತೀವಿ. ತಲೆಗೆ ನಾಲ್ಕಾಣೆ.”

“ನಾಲ್ಕಾಣೆ! ದಾದಿ, ಸ್ವಲ್ಪ ನ್ಯಾಯ ನೋಡಿ. ಮೂರು ಅನ್ನಿ.”

“ಮೂರು ಆಗಲ್ಲ ಅಕ್ಕಾ,” ಅಂತ ಮುನಿಆಂಜನಪ್ಪ ಮುಂದೆ ಬಂದ. “ಎಂಟು ಮೂರ್ಲಿ ಇಪ್ಪತ್ನಾಲ್ಕು. ಒಂದೂವರೆ ರೂಪಾಯಿ ನೋಟು ಎಲ್ಲೈತೆ? ಎಂಟು ನಾಲ್ಕ್ಲಿ ಮೂವತ್ತೆರಡು. ಎರಡು ರೂಪಾಯಿ ನೋಟು ಹೊಸದಾಗಿ ಬಂದೈತೆ, ಸೀದಾ ಒಂದೇ ನೋಟು. ಚೀಟಿಗೆ ಚೆನ್ನಾಗಿರುತ್ತೆ.”

ಗೋವಿಂದಮ್ಮ ಹುರುಳಿಕಾಯಿಯ ಸಾಲಿನ ಕಡೆ ನೋಡಿದಳು. ಎಲೆಯ ಮರೆಯಲ್ಲಿ ಬಿಳಿ ಹೂವು ದಂಡಿಯಾಗಿ ಬಿಟ್ಟಿತ್ತು.

“ಮಧ್ಯಾಹ್ನ ಮೂರು ಗಂಟೆವರೆಗೂ ಇರ್ಬೇಕು ಹಂಗಾದ್ರೆ.”

“ಅಂಬ್ಲಿ ಸಾಲಲ್ಲ, ಮುದ್ದೆ ಬೇಕು,” ಅಂದಳು ಚಿಕ್ಕಮುನಿಯಮ್ಮ. ಚೌಕಾಸಿಯಲ್ಲಿ ಅವಳು ಬಾಯಿ ಹಾಕಿದ್ದು ಅದೇ ಮೊದಲು. ಹೇಳಿದಮೇಲೆ ತಾನೇ ಗಾಬರಿಯಾಗಿ ಮುದುಕಿಯ ಹಿಂದೆ ಸರಿದಳು.

“ಆಯ್ತು, ಮುದ್ದೆ, ಉಪ್ಪೆಸರು. ದಾದೀಗೆ ಮೆತ್ತಗೆ ಮಾಡ್ತೀನಿ.”

“ನಂಗೆ ಹಲ್ಲಿಲ್ಲ ಅಂತ ಯಾರಮ್ಮ ಹೇಳಿದ್ದು?” ಅಂದರು ಉಮ್ಮೆ ಕುಲ್ಸುಂ, ಕೊಡೆ ಬಿಚ್ಚುತ್ತ.